ವರದಿಯಲ್ಲಿ ‘ಜೀನ್‌ನಲ್ಲಿ ದೋಷವಿಲ್ಲ’ ಎಂದಿದೆ, ಆದರೂ ಚರ್ಮದ ಕ್ಯಾನ್ಸರ್‌ನ ಅಪಾಯ ಹೆಚ್ಚು ಎನ್ನುತ್ತಾರೆ. ಏಕೆ?

ನಿಮ್ಮ ತಂದೆಯವರ ಮೂಗಿನ ಬದಿಯ ಗಂಟನ್ನು ತೆಗೆದಾಗ ಬಯಾಪ್ಸಿಯಲ್ಲಿ ಬೇಸಲ್ ಸೆಲ್ ಕಾರ್ಸಿನೋಮಾ (ಚರ್ಮದ ಕ್ಯಾನ್ಸರ್‌ನ ಒಂದು ಬಗೆ) ಎಂದು ಬಂತು, ಆಮೇಲೆ ಮಾಡಿಸಿದ ಜೀನ್ ಪರೀಕ್ಷೆಯ ವರದಿಯಲ್ಲಿ ರೋಗ ತರುವ ಮ್ಯುಟೇಶನ್ ಇಲ್ಲ ಎಂದಿದ್ದರೂ ಕೊನೆಯ ಪುಟದಲ್ಲಿ ‘ನಿಯಂತ್ರಕ ಪ್ರದೇಶದಲ್ಲಿ ವೇರಿಯಂಟ್, ಅಪಾಯ ಶೇ 30 ಹೆಚ್ಚು’ ಎಂದು ಬರೆದಿದ್ದಾರೆ, ಇದರ ಅರ್ಥವೇನು, ಮಗಳಿಗೂ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಡಿಎನ್‌ಎ ದತ್ತಾಂಶವನ್ನು ಓದಿ ಇಂಥವೇ ವರದಿಗಳನ್ನು ಸಿದ್ಧಪಡಿಸುವವನು. ಹಾಗಾಗಿ ಚಿಕಿತ್ಸೆಯ ಮಾತಿಗೆ ಹೋಗದೆ, ಆ ಕೊನೆಯ ಪುಟವನ್ನು ಹೇಗೆ ಓದಬೇಕೆಂಬುದನ್ನು ಮಾತ್ರ ಹೇಳುತ್ತೇನೆ.

ನಮ್ಮ ಡಿಎನ್‌ಎಯ ಸುಮಾರು 300 ಕೋಟಿ ಅಕ್ಷರಗಳಲ್ಲಿ ಪ್ರೋಟೀನಿನ ರಚನೆಯನ್ನು ನೇರವಾಗಿ ಹೇಳುವ ಭಾಗ ಶೇ 2ರಷ್ಟೂ ಇಲ್ಲ. ಉಳಿದದ್ದರಲ್ಲಿ ಒಂದು ಪಾಲು, ಯಾವ ಜೀನ್ ಯಾವ ಜೀವಕೋಶದಲ್ಲಿ ಯಾವಾಗ ಎಷ್ಟು ಕೆಲಸ ಮಾಡಬೇಕೆಂಬುದನ್ನು ನಿರ್ಧರಿಸುತ್ತದೆ. ವರದಿಯಲ್ಲಿ ‘ನಿಯಂತ್ರಕ ಪ್ರದೇಶ’ ಎಂದಿರುವುದು ಇದನ್ನೇ, ‘ವೇರಿಯಂಟ್’ ಎಂದರೆ ಅಲ್ಲಿನ ಅಕ್ಷರದಲ್ಲಿ ಕಂಡ ವ್ಯತ್ಯಾಸ. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ನೀರು ಬಿಡುವವರು ಉದ್ದನೆಯ ಕಬ್ಬಿಣದ ಕೀ ಹಿಡಿದು ಬಂದು ತಿರುಗಿಸುವ ವಾಲ್ವ್ ಇರುವುದು ನಮ್ಮ ಮನೆಯ ಮುಂದಲ್ಲ, ನಾಲ್ಕು ಮನೆಯಾಚೆ ಬೇರೆಯವರ ಗೇಟಿನ ಮುಂದೆ. ಅವರು ಎರಡು ಸುತ್ತು ಕಡಿಮೆ ತಿರುಗಿಸಿದ ದಿನ ನಮ್ಮ ಪೈಪು, ನಲ್ಲಿ ಎಲ್ಲವೂ ಸರಿಯಿದ್ದರೂ ಸಂಪು ತುಂಬುವುದಿಲ್ಲ. ಜೀನ್‌ಗಳ ವಿಷಯದಲ್ಲೂ ಹೀಗೆಯೇ ನಡೆಯುತ್ತದೆ. ಕಣ್ಣು ಮತ್ತು ಚರ್ಮದ ಬಣ್ಣಕ್ಕೆ ಬೇಕಾದ ಓಸಿಎ2 ಜೀನ್‌ನ ವಾಲ್ವ್ ಇರುವುದು ಪಕ್ಕದ ಎಚ್‌ಇಆರ್‌ಸಿ2 ಎಂಬ ಜೀನ್‌ನೊಳಗೆ. ನೀಲಿ ಕಣ್ಣಿಗೆ ಮುಖ್ಯ ಕಾರಣ ಅಲ್ಲಿನ ಒಂದೇ ಒಂದು ಅಕ್ಷರವೆಂಬುದು 2008ರಲ್ಲಿ ತಿಳಿಯಿತು.

ಚರ್ಮದ ಕ್ಯಾನ್ಸರ್‌ಗೆ ಹತ್ತಿರದ ಉದಾಹರಣೆಯೆಂದರೆ ಐಆರ್‌ಎಫ್4 ಜೀನ್. ಇದರ ನಾಲ್ಕನೆಯ ಇಂಟ್ರಾನ್‌ನಲ್ಲಿ, ಎಂದರೆ ಪ್ರೋಟೀನ್ ತಯಾರಿಕೆಗೆ ಮುನ್ನ ಕತ್ತರಿಸಿ ಬಿಸಾಡುವ ತುಂಡಿನಲ್ಲಿ, ಸಿ ಅಕ್ಷರವಿರಬೇಕಾದಲ್ಲಿ ಕೆಲವರಿಗೆ ಟಿ ಇರುತ್ತದೆ. ಟಿ ಇದ್ದರೆ, ಜೀನ್‌ಗೆ ಚಾಲನೆ ಕೊಡುವ ಟಿಎಫ್‌ಎಪಿ2ಎ ಎಂಬ ಪ್ರೋಟೀನ್ ಅಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ. ಅದರಿಂದ ವರ್ಣಕೋಶಗಳಲ್ಲಿ ಐಆರ್‌ಎಫ್4 ಕಡಿಮೆಯಾಗಿ, ಚರ್ಮವನ್ನು ಬಿಸಿಲಿನಿಂದ ಕಾಯುವ ಬಣ್ಣವಾದ ಮೆಲನಿನ್ ತಯಾರಿಸುವ ಟೈರೋಸಿನೇಸ್ ಎಂಬ ಕಿಣ್ವ ಕೂಡ ಕುಗ್ಗುತ್ತದೆ. ಅಂಥವರಿಗೆ ಬಿಸಿಲಿನಲ್ಲಿ ಚರ್ಮ ಬೇಗ ಸುಡುತ್ತದೆ, ಮುಖದ ಮೇಲೆ ಕಂದು ಚುಕ್ಕೆಗಳು ಏಳುತ್ತವೆ, ಬೇಸಲ್ ಸೆಲ್ ಹಾಗೂ ಸ್ಕ್ವೇಮಸ್ ಸೆಲ್ ಕ್ಯಾನ್ಸರ್‌ಗಳ ಅಪಾಯ ಸ್ವಲ್ಪ ಏರುತ್ತದೆ. ಯುರೋಪಿನವರಲ್ಲಿ ಈ ಟಿ ಸಾಕಷ್ಟು ಕಾಣಸಿಗುತ್ತದೆ, ನಮ್ಮವರಲ್ಲಿ ವಿರಳ.

ಅಪಾಯ ಸ್ವಲ್ಪವಲ್ಲ, ಬಹಳ ಏರುವ ಇನ್ನೊಂದು ತುದಿಯ ಉದಾಹರಣೆಯೂ ಇದೆ. 2013ರಲ್ಲಿ ಜರ್ಮನಿಯ ಸಂಶೋಧಕರು, ಮೆಲನೋಮಾ (ವರ್ಣಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್) ಬಂದ 14 ಮಂದಿ ಇದ್ದ ಒಂದು ಕುಟುಂಬದಲ್ಲಿ ಟಿಇಆರ್‌ಟಿ ಜೀನ್‌ನ ಪ್ರೊಮೋಟರ್ (ಜೀನ್ ಅನ್ನು ಚಾಲೂ ಮಾಡುವ) ಭಾಗದ ಒಂದೇ ಅಕ್ಷರದ ಬದಲಾವಣೆಯನ್ನು ಗುರುತಿಸಿದರು. ಕ್ರೋಮೋಸೋಮಿನ ತುದಿಗಳು ಸವೆಯದಂತೆ ಕಾಯುವ ಟೆಲೋಮರೇಸ್‌ನ ಜೀನ್ ಇದು, ಸಾಮಾನ್ಯವಾಗಿ ವಯಸ್ಕ ಜೀವಕೋಶಗಳಲ್ಲಿ ಮಲಗಿರುತ್ತದೆ. ಜೀನ್‌ನ ಪ್ರೋಟೀನ್ ಭಾಗ ಆರಂಭವಾಗುವುದಕ್ಕೆ 57 ಅಕ್ಷರ ಮೊದಲು ಆದ ಆ ಬದಲಾವಣೆಯಿಂದ ಜಿಜಿಎಎ ಎಂಬ ಹೊಸ ಅಕ್ಷರಸಾಲು ಹುಟ್ಟಿ, ಜೀನ್‌ಗಳನ್ನು ಚಾಲೂ ಮಾಡುವ ಇಟಿಎಸ್ ಗುಂಪಿನ ಪ್ರೋಟೀನ್‌ಗಳಿಗೆ ಅಲ್ಲಿ ಬಂದು ಕೂರಲು ಜಾಗವಾಯಿತು, ಮಲಗಿದ್ದ ಜೀನ್ ಎಚ್ಚೆತ್ತಿತು. ತುದಿ ಸವೆಯದ ಜೀವಕೋಶ ನಿಲ್ಲದೆ ವಿಭಜಿಸುತ್ತಾ ಹೋಗಬಲ್ಲದು, ಕ್ಯಾನ್ಸರ್‌ಗೆ ಇದು ದಾರಿ. ಇದೇ ಪ್ರೊಮೋಟರ್ ಬಿಸಿಲಿನಿಂದಲೂ ಕೆಡುತ್ತದೆ: ಅದೇ ವರ್ಷ ಇನ್ನೊಂದು ತಂಡ ಪರೀಕ್ಷಿಸಿದ 70 ಮೆಲನೋಮಾ ಗಂಟುಗಳಲ್ಲಿ 50ರಲ್ಲಿ ಇಂಥ ಬದಲಾವಣೆ ಸಿಕ್ಕಿತು. ಅವು ಗಂಟಿನಲ್ಲೇ ಹುಟ್ಟಿದವು, ಮಕ್ಕಳಿಗೆ ಹೋಗುವಂಥವಲ್ಲ. ಆದ್ದರಿಂದ ನಿಮ್ಮ ತಂದೆಯವರ ಪರೀಕ್ಷೆಗೆ ರಕ್ತ ಕೊಟ್ಟಿದ್ದರೋ ಗಂಟಿನ ತುಣುಕು ಕೊಟ್ಟಿದ್ದರೋ ಎಂಬುದನ್ನು ಮೊದಲು ನೋಡಿಕೊಳ್ಳಿ. ಗಂಟಿನ ವರದಿ ಹಿಡಿದುಕೊಂಡು ಮಕ್ಕಳ ಚಿಂತೆ ಹಚ್ಚಿಕೊಂಡವರನ್ನು ನಾನು ಕಂಡಿದ್ದೇನೆ.

ಟಿಇಆರ್‌ಟಿಯಂಥ ಕುಟುಂಬಗಳು ಬೆರಳೆಣಿಕೆಯಷ್ಟು. ನಿಯಂತ್ರಕ ಪ್ರದೇಶದ ಉಳಿದ ವೇರಿಯಂಟ್‌ಗಳಲ್ಲಿ ಬಹುಪಾಲು ಐಆರ್‌ಎಫ್4ನ ಜಾತಿಯವು, ಒಂದೊಂದರ ಪ್ರಭಾವವೂ ಅಲ್ಪ. ಸುಮಾರು 36,000 ಮೆಲನೋಮಾ ರೋಗಿಗಳ ಡಿಎನ್‌ಎಯನ್ನು ಹೋಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಪಾಯಕ್ಕೆ ಸಂಬಂಧಿಸಿದ 54 ಜಾಗಗಳನ್ನು ಪಟ್ಟಿ ಮಾಡಿತು. ಇಂಥ ಪಟ್ಟಿಗಳಲ್ಲಿ ಬರುವ ವೇರಿಯಂಟ್‌ಗಳಲ್ಲಿ ಬಹುಪಾಲು ಪ್ರೋಟೀನಿನ ಭಾಗದ ಹೊರಗೇ ಇರುತ್ತವೆ. ಆ ರೋಗಿಗಳಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ನಿಮ್ಮ ವರದಿಯ ‘ಶೇ 30’ಕ್ಕೆ ನನ್ನ ತಕರಾರು ಇರುವುದು ಇಲ್ಲಿಯೇ. ಬೇರೆ ಮೈಬಣ್ಣದ, ಬೇರೆ ಬಿಸಿಲಿನ ಜನರಿಂದ ಲೆಕ್ಕ ಹಾಕಿದ ಸಂಖ್ಯೆಯನ್ನು ಯಾವ ಎಚ್ಚರಿಕೆಯ ಮಾತೂ ಇಲ್ಲದೆ ಇಲ್ಲಿನವರ ವರದಿಗೆ ಅಂಟಿಸುವುದು ಸರಿಯಲ್ಲ. ಹತ್ತು ಸಾವಿರ ಭಾರತೀಯರ ಡಿಎನ್‌ಎ ಓದಿದ ಜೀನೋಮ್ ಇಂಡಿಯಾ ಯೋಜನೆಯನ್ನು ಮುನ್ನಡೆಸಿದ್ದು ನಮ್ಮ ಐಐಎಸ್‌ಸಿ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವೇ. ಯಾವ ವೇರಿಯಂಟ್ ನಮ್ಮಲ್ಲಿ ಎಷ್ಟು ಮಂದಿಗಿದೆ ಎಂದು ಅದರಿಂದ ತಿಳಿಯುತ್ತದೆಯೇ ಹೊರತು ಅಪಾಯ ಎಷ್ಟೆಂದು ತಿಳಿಯುವುದಿಲ್ಲ. ಅದಕ್ಕೆ ಇಲ್ಲಿನ ಚರ್ಮದ ಕ್ಯಾನ್ಸರ್ ರೋಗಿಗಳನ್ನೇ ಅಧ್ಯಯನ ಮಾಡಬೇಕು.

ಆ ಸಂಖ್ಯೆಯನ್ನು ಹಾಗೆಯೇ ಒಪ್ಪಿಕೊಂಡರೂ ಲೆಕ್ಕ ಹೀಗಾಗುತ್ತದೆ: ಹತ್ತು ಸಾವಿರ ಮಂದಿಯಲ್ಲಿ ಹತ್ತು ಜನಕ್ಕೆ ಬರುವ ಕಾಯಿಲೆ ಎಂದುಕೊಳ್ಳಿ, ಶೇ 30 ಹೆಚ್ಚಾದರೆ ಹದಿಮೂರು ಜನಕ್ಕೆ ಬರುತ್ತದೆ. ತಂದೆಯವರಲ್ಲಿ ಅಂಥ ವೇರಿಯಂಟ್‌ನ ಒಂದೇ ಪ್ರತಿ ಇದ್ದರೆ ಅದು ನಿಮಗೆ ಬಂದಿರುವ ಸಾಧ್ಯತೆ ಅರ್ಧ, ನಿಮ್ಮಿಂದ ಮಗಳಿಗೆ ಹೋಗಿರುವ ಸಾಧ್ಯತೆ ಅದರಲ್ಲೂ ಅರ್ಧ. ಇಷ್ಟಕ್ಕಾಗಿ ಮಗಳಿಗೆ ಪರೀಕ್ಷೆ ಮಾಡಿಸುವ ಅಗತ್ಯ ನನಗೆ ಕಾಣುವುದಿಲ್ಲ. ಅದಕ್ಕಿಂತ ಮನೆಯವರೆಲ್ಲ ಮೈಮೇಲೆ ಒಮ್ಮೆ ಕಣ್ಣಾಡಿಸಿಕೊಳ್ಳುವುದು ಉಪಯುಕ್ತ: ನಮ್ಮ ಮೈಬಣ್ಣದವರಲ್ಲಿ ಬೇಸಲ್ ಸೆಲ್ ಕ್ಯಾನ್ಸರ್ ಎಷ್ಟೋ ಸಲ ಕಪ್ಪು ಮಚ್ಚೆಯಂತೆಯೇ ಕಾಣುತ್ತದೆ, ಮೆಲನೋಮಾ ಬಂದರೆ ಬಿಸಿಲು ತಾಗದ ಅಂಗಾಲಿನಲ್ಲೋ ಉಗುರಿನ ಕೆಳಗೋ ಬರುವುದೇ ಹೆಚ್ಚು. ವಾಸಿಯಾಗದ ಹುಣ್ಣು, ಬದಲಾಗುತ್ತಿರುವ ಮಚ್ಚೆ ಕಂಡರೆ ಚರ್ಮರೋಗ ತಜ್ಞರಿಗೆ ತೋರಿಸಿ.

ಒಂದು ಅಪವಾದವಿದೆ. ತಂದೆಯವರಿಗೆ ಚಿಕ್ಕ ವಯಸ್ಸಿನಲ್ಲೇ ಇಂಥ ಗಂಟುಗಳು ಹಲವು ಬಂದಿದ್ದರೆ, ಅಥವಾ ಕುಟುಂಬದಲ್ಲಿ ಯಾರಿಗಾದರೂ ದವಡೆಯ ಮೂಳೆಯಲ್ಲಿ ಸಿಸ್ಟ್ (ದ್ರವ ತುಂಬಿದ ಚೀಲ) ಆಗಿದ್ದರೆ, ಕೊನೆಯ ಪುಟವನ್ನು ಬಿಟ್ಟು ಮೊದಲ ಪುಟಕ್ಕೆ ಮರಳಿ. ಇಂಥ ಲಕ್ಷಣಗಳು ಒಟ್ಟಿಗೆ ಬರುವ ಆನುವಂಶಿಕ ಕಾಯಿಲೆಗೆ ಮುಖ್ಯ ಕಾರಣವಾದ ಪಿಟಿಸಿಎಚ್1 ಜೀನ್ ಅನ್ನು ಪೂರ್ತಿ ಓದಿದ್ದಾರೆಯೇ, ಅದರಲ್ಲಿ ದೊಡ್ಡ ತುಂಡೇ ಕಳೆದುಹೋಗಿದ್ದರೂ ಗೊತ್ತಾಗುವಂಥ ಪರೀಕ್ಷೆಯೇ ಅದು ಎಂದು ಪ್ರಯೋಗಾಲಯದವರನ್ನು ಲಿಖಿತವಾಗಿ ಕೇಳಿ.