ಶೆಡ್ಯೂಲಿಂಗ್ ಮೇಲೆ ಈಗ ರಿಸರ್ಚ್ ಮಾಡೋಕೆ ಏನು ಉಳಿದಿದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಎಂ.ಟೆಕ್ ಮುಗಿಯುತ್ತಾ ಬಂದಿದೆ. ಶೆಡ್ಯೂಲಿಂಗ್, ಅಂದರೆ ಯಾವ ಕೆಲಸ ಯಾವ ಮೆಷಿನ್ ಮೇಲೆ ಯಾವಾಗ ಆಗಬೇಕು ಅಂತ ನಿರ್ಧರಿಸುವ ವಿಷಯ, ಅದರ ಮೇಲೆ ಪಿಎಚ್.ಡಿ. ಮಾಡುವ ಆಸೆ ಇದೆ. ಸೀನಿಯರ್‌ಗಳು ಮಾತ್ರ "ಹಳೇ ವಿಷಯ, ಅಲ್ಲಿ ಎಲ್ಲಾ ಮುಗಿದಿದೆ" ಅನ್ನುತ್ತಾರೆ. ಜೊತೆಗೆ ಇದು ಕಂಪ್ಯೂಟರ್ ಸೈನ್ಸ್‌ನವರದ್ದೋ ಮೆಕ್ಯಾನಿಕಲ್‌ನವರದ್ದೋ ಅನ್ನೋ ಗೊಂದಲ. ಎಲ್ಲಿಂದ ಶುರು ಮಾಡಬೇಕು ಅಂತಲೂ ಕೇಳಿದ್ದೀರಿ.

ಮುಗಿದಿಲ್ಲ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪಿಪಿಸಿ (ಉತ್ಪಾದನೆಯ ಯೋಜನೆ ಮತ್ತು ನಿಯಂತ್ರಣ) ನೋಡಿಕೊಂಡು, ಆಮೇಲೆ ಇದೇ ವಿಷಯದಲ್ಲಿ ಪಿಎಚ್.ಡಿ. ಮಾಡಿದವನು. ನನಗೆ ಕಂಡದ್ದು ಇಷ್ಟು: ಮುಗಿದಿರುವುದೆಲ್ಲ "ಎಲ್ಲಾ ಮೊದಲೇ ಗೊತ್ತಿದೆ, ನಡುವೆ ಏನೂ ಬದಲಾಗೋದಿಲ್ಲ" ಅಂತ ಒಪ್ಪಿಕೊಂಡ ಮೇಲೆ ಮುಗಿದಿದೆ. ಆ ಒಪ್ಪಂದ ಎಲ್ಲಿ ಮುರಿಯುತ್ತದೋ ಅಲ್ಲಿ ಕೆಲಸ ಬೇಕಾದಷ್ಟಿದೆ.

ಮೊದಲು ಮುಗಿದಿರುವುದು ಎಷ್ಟು ಗಟ್ಟಿ ಅಂತ ನೋಡಿ. 1954ರಲ್ಲಿ ಸೆಲ್ಮರ್ ಜಾನ್ಸನ್ ಅನ್ನುವವರು ಎರಡು ಮೆಷಿನ್‌ಗೆ ಒಂದು ನಿಯಮ ಕೊಟ್ಟರು. ನಾಲ್ಕು ಜಾಬ್ ಇವೆ ಅಂದುಕೊಳ್ಳಿ. ಪ್ರತಿಯೊಂದೂ ಮೊದಲು ಲೇತ್‌ಗೆ, ಆಮೇಲೆ ಗ್ರೈಂಡಿಂಗ್‌ಗೆ ಹೋಗಬೇಕು. ಎ ಜಾಬ್‌ಗೆ ಲೇತ್‌ನಲ್ಲಿ 3 ಗಂಟೆ, ಗ್ರೈಂಡಿಂಗ್‌ನಲ್ಲಿ 6. ಬಿ ಜಾಬ್‌ಗೆ 5 ಮತ್ತು 2. ಸಿ ಜಾಬ್‌ಗೆ 1 ಮತ್ತು 2. ಡಿ ಜಾಬ್‌ಗೆ 7 ಮತ್ತು 4. ಡಿ, ಬಿ, ಸಿ, ಎ ಅಂತ ಹಾಕಿದರೆ ಎಲ್ಲಾ ಮುಗಿಯೋದಕ್ಕೆ 22 ಗಂಟೆ ಬೇಕು. ಪೇಪರ್ ತೆಗೆದುಕೊಂಡು ಗ್ಯಾಂಟ್ ಚಾರ್ಟ್ (ಯಾವ ಮೆಷಿನ್ ಮೇಲೆ ಯಾವ ಜಾಬ್ ಯಾವಾಗ ಅಂತ ತೋರಿಸುವ ಪಟ್ಟಿಚಿತ್ರ) ಹಾಕಿ ನೋಡಿ.

ಜಾನ್ಸನ್ ನಿಯಮ ಇದು. ಎಲ್ಲಾ ಸಮಯಗಳಲ್ಲಿ ತೀರಾ ಚಿಕ್ಕದನ್ನು ಹುಡುಕಿ. ಅದು ಲೇತ್‌ನದ್ದಾದರೆ ಆ ಜಾಬ್ ಮೊದಲಿಗೆ, ಗ್ರೈಂಡಿಂಗ್‌ನದ್ದಾದರೆ ಕೊನೆಗೆ. ಅದನ್ನು ಪಟ್ಟಿಯಿಂದ ತೆಗೆದು, ಉಳಿದದ್ದರಲ್ಲಿ ಮತ್ತೆ ಅದೇ ಮಾಡಿ. ಇಲ್ಲಿ ಸಿ, ಎ, ಡಿ, ಬಿ ಅಂತ ಬರುತ್ತದೆ. 18 ಗಂಟೆಗೆ ಮುಗಿಯುತ್ತದೆ. ಮೆಷಿನ್ ಅದೇ, ಆಪರೇಟರ್ ಅದೇ, ಬರೀ ಸಾಲು ಬದಲಾಯಿಸಿದ್ದಕ್ಕೆ 4 ಗಂಟೆ ಉಳಿಯಿತು. ಇದಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ ಅನ್ನೋದನ್ನೂ ಬಾಯಲ್ಲೇ ಲೆಕ್ಕ ಹಾಕಬಹುದು. ಲೇತ್‌ಗೆ ಒಟ್ಟು 16 ಗಂಟೆ ಕೆಲಸ ಇದೆ. ಲೇತ್‌ನಿಂದ ಕೊನೆಗೆ ಇಳಿದ ಜಾಬ್‌ಗೆ ಗ್ರೈಂಡಿಂಗ್ ಕನಿಷ್ಠ 2 ಗಂಟೆ ಆಗಲೇಬೇಕು. ಅಲ್ಲಿಗೆ 18.

ಈಗ ಮಧ್ಯೆ ಒಂದು ಮಿಲ್ಲಿಂಗ್ ಸೇರಿಸಿ. ಲೇತ್, ಮಿಲ್ಲಿಂಗ್, ಗ್ರೈಂಡಿಂಗ್, ಬರೀ ಮೂರು ಮೆಷಿನ್. ನಿಯಮ ಕೈಕೊಡುತ್ತದೆ. ಕೆಲವು ವಿಶೇಷ ಸಂದರ್ಭಗಳಿಗೆ ಮಾತ್ರ ಜಾನ್ಸನ್ನೇ ದಾರಿ ತೋರಿಸಿದ್ದರು. 1976ರಲ್ಲಿ ಗ್ಯಾರಿ, ಡೇವಿಡ್ ಜಾನ್ಸನ್ (ಇವರು ಬೇರೆ ಜಾನ್ಸನ್), ರವಿ ಸೇಥಿ ಸೇರಿ ಮೂರು ಮೆಷಿನ್ ಸಮಸ್ಯೆ ಎನ್‌ಪಿ-ಹಾರ್ಡ್ ಅಂತ ಸಾಬೀತು ಮಾಡಿದರು. ಅಂದರೆ ಜಾಬ್ ಸಂಖ್ಯೆ ಎಷ್ಟೇ ಆದರೂ ಬೇಗ ಉತ್ತರ ಕೊಡುವ ವಿಧಾನ ಇದಕ್ಕೆ ಸಿಗುವ ನಂಬಿಕೆ ಯಾರಿಗೂ ಇಲ್ಲ. ಎರಡಕ್ಕೂ ಮೂರಕ್ಕೂ ನಡುವೆ ಇಂಥ ಗೋಡೆ ಇದೆ ಅನ್ನೋದು ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿತು.

ಆ ಗೋಡೆ ಎಷ್ಟು ಎತ್ತರ ಅನ್ನೋದಕ್ಕೆ ಒಂದು ಸಮಸ್ಯೆಯ ಚರಿತ್ರೆಯೇ ಸಾಕು. 1963ರಲ್ಲಿ ಫಿಶರ್ ಮತ್ತು ಥಾಂಪ್ಸನ್ 10 ಜಾಬ್, 10 ಮೆಷಿನ್‌ನ ಒಂದು ಲೆಕ್ಕ ಪ್ರಕಟಿಸಿದರು. ಪ್ರತಿ ಜಾಬ್ ತನ್ನದೇ ಕ್ರಮದಲ್ಲಿ ಹತ್ತೂ ಮೆಷಿನ್ ಸುತ್ತಬೇಕು. ಒಟ್ಟು 100 ಆಪರೇಷನ್, ಒಂದು ಪುಟದಲ್ಲಿ ಹಿಡಿಯುತ್ತದೆ. ಆದರೆ ಒಂದು ಮೆಷಿನ್ ಮೇಲೆ 10 ಜಾಬ್ ಸಾಲು ಮಾಡುವುದಕ್ಕೇ 36,28,800 ರೀತಿ ಇವೆ. ಹತ್ತೂ ಮೆಷಿನ್‌ಗೆ ಅದನ್ನು ಗುಣಿಸುತ್ತಾ ಹೋಗಿ! ಎಲ್ಲಾ ಮುಗಿಯೋದಕ್ಕೆ ಬೇಕಾದ ಅತಿ ಕಡಿಮೆ ಸಮಯ 930 ಅಂತ ಕಾರ್ಲಿಯೆ ಮತ್ತು ಪಿನ್ಸನ್ ಸಾಬೀತು ಮಾಡಿದ್ದು 1989ರಲ್ಲಿ. ಅಷ್ಟು ವರ್ಷ ಆ ಒಂದು ಪುಟ ಹಾಗೇ ಕೂತಿತ್ತು. ಇವತ್ತು ಅದೇ ಲೆಕ್ಕವನ್ನು ನಿಮ್ಮ ಲ್ಯಾಪ್‌ಟಾಪ್ ಸ್ವಲ್ಪ ಹೊತ್ತಿನಲ್ಲೇ ಮುಗಿಸುತ್ತದೆ. ಮೆಷಿನ್ ವೇಗ ಜಾಸ್ತಿ ಆಗಿದ್ದು ಒಂದು ಕಾರಣ ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ, ಆ ಪುಟದ ಜೊತೆ ಗುದ್ದಾಡಿದವರು ಕಂಡುಕೊಂಡ ವಿಧಾನಗಳು ಇವತ್ತಿನ ಸಾಲ್ವರ್‌ಗಳ (ಇಂಥ ಲೆಕ್ಕ ಬಿಡಿಸುವ ಸಾಫ್ಟ್‌ವೇರ್‌ಗಳ) ಒಳಗೆ ಸೇರಿಕೊಂಡಿವೆ.

ಈಗ ನನಗೆ ತುಂಬಾ ಇಷ್ಟವಾದ ಉದಾಹರಣೆ. ಬೆಲ್ ಲ್ಯಾಬ್ಸ್‌ನಲ್ಲಿದ್ದ ರೊನಾಲ್ಡ್ ಗ್ರಹಾಂ ಅವರದ್ದು. 1966ರಲ್ಲಿ ಅವರು ಈ ವಿಚಾರದ ಮೇಲೆ ಬರೆದದ್ದು ಕಂಪ್ಯೂಟರ್‌ಗಾಗಿ, ಆದರೆ ನಾನು ಇದನ್ನು ಆಳುಗಳ ಲೆಕ್ಕದಲ್ಲೇ ಹೇಳುತ್ತೇನೆ. ಒಂಬತ್ತು ಕೆಲಸ ಇವೆ. 1ನೆಯದು 3 ಗಂಟೆಯದು. 2, 3, 4 ತಲಾ 2 ಗಂಟೆ. 5ರಿಂದ 8ರವರೆಗೆ ತಲಾ 4 ಗಂಟೆ. 9ನೆಯದು 9 ಗಂಟೆ. 1 ಮುಗಿಯದೆ 9 ಶುರು ಮಾಡುವ ಹಾಗಿಲ್ಲ. 4 ಮುಗಿಯದೆ 5, 6, 7, 8 ಶುರು ಮಾಡುವ ಹಾಗಿಲ್ಲ. ನಿಯಮ ಸರಳ: ಕೈ ಖಾಲಿ ಆದವನು ಪಟ್ಟಿಯಲ್ಲಿ ಮೊದಲು ಸಿಗುವ, ಶುರು ಮಾಡಬಹುದಾದ ಕೆಲಸ ಎತ್ತಿಕೊಳ್ಳಬೇಕು. ಕೆಲಸ ಇದ್ದೂ ಯಾರೂ ಸುಮ್ನೆ ಕೂರಬಾರದು.

ಮೂರು ಜನ ಇದ್ದರೆ 12 ಗಂಟೆಗೆ ಮುಗಿಯುತ್ತದೆ. ನಾಲ್ಕನೆಯವನನ್ನು ಸೇರಿಸಿ. 15 ಗಂಟೆ ಆಗುತ್ತದೆ!

ಯಾಕೆ ಅಂತ ನಿಧಾನವಾಗಿ ನೋಡಿ. ಮೂರು ಜನ ಇದ್ದಾಗ 4ನೇ ಕೆಲಸ ಸ್ವಲ್ಪ ತಡವಾಗಿ, 2ನೇ ಗಂಟೆಗೆ ಶುರುವಾಗುತ್ತದೆ. ಹಾಗಾಗಿ 3ನೇ ಗಂಟೆಗೆ 1ನೇ ಕೆಲಸ ಮುಗಿದಾಗ 5ರಿಂದ 8 ಇನ್ನೂ ರೆಡಿ ಇರುವುದಿಲ್ಲ. ಕೈ ಖಾಲಿ ಆದವನು ದೊಡ್ಡದಾದ 9ನೇ ಕೆಲಸವನ್ನೇ ಎತ್ತಿಕೊಳ್ಳುತ್ತಾನೆ, 12ಕ್ಕೆ ಮುಗಿಸುತ್ತಾನೆ. ಅಷ್ಟರಲ್ಲಿ ಉಳಿದಿಬ್ಬರು ಮಿಕ್ಕ ನಾಲ್ಕನ್ನೂ ಮುಗಿಸಿರುತ್ತಾರೆ. ನಾಲ್ಕು ಜನ ಇದ್ದರೆ 4ನೆಯದು 2ನೇ ಗಂಟೆಗೇ ಮುಗಿದುಬಿಡುತ್ತದೆ. ಆ ಕ್ಷಣಕ್ಕೆ ಮೂವರು ಖಾಲಿ, ಅವರು 5, 6, 7 ಹಿಡಿಯುತ್ತಾರೆ. 3ನೇ ಗಂಟೆಗೆ ಖಾಲಿ ಆದವನಿಗೆ 8 ಸಿಗುತ್ತದೆ. 9ನೆಯದನ್ನು ಮುಟ್ಟುವವರು 6ನೇ ಗಂಟೆಯವರೆಗೆ ಯಾರೂ ಇಲ್ಲ. 6ಕ್ಕೆ 9 ಸೇರಿಸಿದರೆ 15. ಇನ್ನೂ ಇದೆ. ಮೂರೇ ಜನ ಇಟ್ಟುಕೊಂಡು ಪ್ರತಿ ಕೆಲಸವನ್ನೂ ಒಂದೊಂದು ಗಂಟೆ ಚಿಕ್ಕದು ಮಾಡಿದರೂ 12 ಇದ್ದದ್ದು 13 ಆಗುತ್ತದೆ.

ಶಾಪ್‌ನಲ್ಲಿ ಇದ್ದವರಿಗೆ ಇದು ಗೊತ್ತಿರುವ ಅನುಭವ. ಹೊಸ ಮೆಷಿನ್ ಬಂತು, ಸೈಕಲ್ ಟೈಮ್ (ಒಂದು ಪೀಸ್‌ಗೆ ಹಿಡಿಯುವ ಸಮಯ) ಇಳಿಸಿದೆವು, ಡಿಸ್ಪ್ಯಾಚ್ ಮಾತ್ರ ಇನ್ನೂ ಲೇಟ್. ಹೀಗಾದಾಗ ಎಲ್ಲರೂ ಆಪರೇಟರ್ ಮುಖ ನೋಡುತ್ತಾರೆ. ತಪ್ಪು ಯಾರದ್ದೂ ಇಲ್ಲದೆಯೂ ಹೀಗಾಗಬಹುದು ಅಂತ ಗ್ರಹಾಂ ಲೆಕ್ಕದಲ್ಲಿ ತೋರಿಸಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಈ ಸರಳ ನಿಯಮ ಎಷ್ಟೇ ಕೆಟ್ಟರೂ ಅತ್ಯುತ್ತಮ ಉತ್ತರದ ಎರಡು ಪಟ್ಟು ಮುಟ್ಟುವುದಿಲ್ಲ ಅಂತ ಸಾಬೀತನ್ನೂ ಕೊಟ್ಟರು. ಗ್ಯಾರಂಟಿ ಸಮೇತ ಅಂದಾಜು ಉತ್ತರ ಕೊಡುವ ಒಂದು ದೊಡ್ಡ ಸಂಶೋಧನಾ ಕ್ಷೇತ್ರದ ಮೊದಲ ಫಲಿತಾಂಶಗಳಲ್ಲಿ ಇದೂ ಒಂದು.

ಯಾವ ಡಿಪಾರ್ಟ್‌ಮೆಂಟ್ ಅನ್ನೋ ನಿಮ್ಮ ಗೊಂದಲಕ್ಕೆ ಉತ್ತರ ಇಲ್ಲೇ ಇದೆ. ಬೇರು ಒಂದೇ. ವ್ಯತ್ಯಾಸ ಎರಡು ಜಾಗದಲ್ಲಿ ಬರುತ್ತದೆ. ಒಂದು, ನಡುವೆ ನಿಲ್ಲಿಸುವುದು. ಆಪರೇಟಿಂಗ್ ಸಿಸ್ಟಮ್ ಒಂದು ಪ್ರಾಸೆಸ್ ನಿಲ್ಲಿಸಿ ಇನ್ನೊಂದನ್ನು ಓಡಿಸೋಕೆ ಕೆಲವೇ ಮೈಕ್ರೋಸೆಕೆಂಡ್ ಸಾಕು. ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್) ಮೇಲೆ ಅರ್ಧ ಆದ ಬ್ಯಾಚ್ ನಿಲ್ಲಿಸಿದರೆ ಜಾಬ್ ಹಿಡಿದಿಡುವ ಫಿಕ್ಸ್‌ಚರ್ ಬಿಚ್ಚಬೇಕು, ಆಫ್‌ಸೆಟ್ (ಜಾಬ್ ಎಲ್ಲಿದೆ ಅನ್ನುವ ಅಳತೆ) ಮತ್ತೆ ತೆಗೆದುಕೊಳ್ಳಬೇಕು, ಫಸ್ಟ್ ಪೀಸ್ ಇನ್‌ಸ್ಪೆಕ್ಷನ್ ಇನ್ನೊಮ್ಮೆ ಆಗಬೇಕು. ಎರಡು, ಸಮಯ. ಇಂಥ ಸಿಎನ್‌ಸಿ ಮೆಷಿನ್‌ಗಳಲ್ಲಿ ಸೈಕಲ್ ಟೈಮ್ ಸೆಕೆಂಡ್ ಲೆಕ್ಕದಲ್ಲಿ ಗೊತ್ತು. ಕಂಪ್ಯೂಟರ್‌ನಲ್ಲಿ ಒಂದು ಪ್ರೋಗ್ರಾಂ ಎಷ್ಟು ಹೊತ್ತು ಓಡುತ್ತದೆ ಅಂತ ಬಹಳ ಸಲ ಗೊತ್ತಿರುವುದಿಲ್ಲ.

ಕಂಪ್ಯೂಟರ್ ಕಡೆಯೂ ಒಪ್ಪಂದ ಮುರಿಯುವ ಕಥೆಯೇ. 1973ರಲ್ಲಿ ಲಿಯು ಮತ್ತು ಲೇಲ್ಯಾಂಡ್ ರಿಯಲ್ ಟೈಮ್ ಕೆಲಸಗಳಿಗೆ (ಪ್ರತಿ ಸಲವೂ ಗಡುವಿನೊಳಗೆ ಮುಗಿಯಲೇಬೇಕಾದವು) ಒಂದು ಸೊಗಸಾದ ಫಲಿತಾಂಶ ಕೊಟ್ಟರು. ಪದೇ ಪದೇ ಬರುವ ಕೆಲಸಕ್ಕೆ ಹೆಚ್ಚು ಪ್ರಯಾರಿಟಿ ಕೊಡಿ. ಪ್ರಾಸೆಸರ್ ಮೇಲಿನ ಹೊರೆ ಸುಮಾರು ಶೇ. 69 ದಾಟದಿದ್ದರೆ ಒಂದು ಡೆಡ್‌ಲೈನ್ ಕೂಡ ತಪ್ಪುವುದಿಲ್ಲ. ಯಾವುದರ ಗಡುವು ಹತ್ತಿರವೋ ಅದನ್ನು ಮೊದಲು ಓಡಿಸಿದರೆ ಶೇ. 100ರವರೆಗೂ ಹೋಗಬಹುದು. ಆದರೆ ಕೆಲಸಗಳು ಒಂದಕ್ಕೊಂದು ಸಂಬಂಧ ಇಲ್ಲದೆ ಇರಬೇಕು, ಯಾವುದೂ ಯಾವುದಕ್ಕೂ ಕಾಯಬಾರದು. ಕಾದರೆ ಏನಾಗುತ್ತದೆ ನೋಡಿ.

1997ರ ಜುಲೈ 4ರಂದು ಪಾಥ್‌ಫೈಂಡರ್ ನೌಕೆ ಮಂಗಳನ ಮೇಲೆ ಇಳಿಯಿತು. ಸ್ವಲ್ಪ ದಿನಕ್ಕೆ ಅದರ ಕಂಪ್ಯೂಟರ್ ತಾನಾಗೇ ರೀಸೆಟ್ ಆಗತೊಡಗಿತು. ಹವಾಮಾನದ ಮಾಹಿತಿ ಸೇರಿಸುವ ಕಡಿಮೆ ಪ್ರಯಾರಿಟಿಯ ಕೆಲಸ ಒಂದು ಲಾಕ್ (ಒಂದು ಸಲಕ್ಕೆ ಒಬ್ಬರೇ ಬಳಸಬಹುದಾದ ವಸ್ತುವಿನ ಬೀಗ) ಹಿಡಿದುಕೊಂಡಿತ್ತು. ಅದೇ ಲಾಕ್‌ಗೆ ತುಂಬಾ ಮುಖ್ಯವಾದ ಬಸ್ (ನೌಕೆಯ ಭಾಗಗಳ ನಡುವೆ ಮಾಹಿತಿ ಸಾಗಿಸುವ ದಾರಿ) ನಿರ್ವಹಣೆಯ ಕೆಲಸ ಕಾಯುತ್ತಿತ್ತು. ಅಷ್ಟರಲ್ಲಿ ಮಧ್ಯಮ ಪ್ರಯಾರಿಟಿಯ ಸಂಪರ್ಕದ ಕೆಲಸ ಬಂದು ಲಾಕ್ ಹಿಡಿದವನನ್ನು ಪಕ್ಕಕ್ಕೆ ತಳ್ಳಿತು. ಲಾಕ್ ಬಿಡುವವರೇ ಇಲ್ಲ. ಮುಖ್ಯ ಕೆಲಸ ಸಮಯಕ್ಕೆ ಮುಗಿಯದ್ದನ್ನು ನೋಡಿ ವಾಚ್‌ಡಾಗ್ ಅನ್ನುವ ಕಾವಲು ವ್ಯವಸ್ಥೆ ಸಿಸ್ಟಮನ್ನೇ ರೀಸೆಟ್ ಮಾಡಿತು. ಪರಿಹಾರ 1990ರಲ್ಲೇ ಶಾ, ರಾಜ್‌ಕುಮಾರ್, ಲೆಹೋಸ್ಕಿ ಬರೆದ ಪೇಪರ್‌ನಲ್ಲಿ ಇತ್ತು: ದೊಡ್ಡವನು ಕಾಯುತ್ತಿರುವಷ್ಟು ಹೊತ್ತು ಲಾಕ್ ಹಿಡಿದವನಿಗೆ ಅವನ ಪ್ರಯಾರಿಟಿಯನ್ನೇ ಕೊಡಿ. ನೌಕೆಯ ಸಾಫ್ಟ್‌ವೇರ್‌ನಲ್ಲಿ ಆ ಆಯ್ಕೆ ಇತ್ತು, ಆಫ್ ಆಗಿತ್ತು ಅಷ್ಟೇ. ಭೂಮಿಯಿಂದಲೇ ಆನ್ ಮಾಡಿ ಸರಿಪಡಿಸಿದರು.

"ಹಳೇ ವಿಷಯ" ಅನ್ನುವವರಿಗೆ ಲಿನಕ್ಸ್ ಕಡೆ ತೋರಿಸಿ. 2007ರಿಂದ ಇದ್ದ ಅದರ ಶೆಡ್ಯೂಲರ್ 2023ರಲ್ಲಿ 6.6 ಕರ್ನೆಲ್‌ನಲ್ಲಿ ಬದಲಾಯಿತು. ಹೊಸದರ ಹೆಸರು ಇಇವಿಡಿಎಫ್. ಅದರ ಮೂಲ ಐಡಿಯಾ 1995ರದ್ದು. ಇಲ್ಲಿ ಹಳೆಯದು ಸತ್ತಿರುವುದಿಲ್ಲ, ಜಾಗ ಸಿಗೋವರೆಗೆ ಕಾಯುತ್ತಿರುತ್ತದೆ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಹೊಸ ಪ್ರಾಣಿಯದ್ದೋ ಪಕ್ಷಿಯದ್ದೋ ಹೆಸರಿನ ಒಂದು ಅಲ್ಗಾರಿದಮ್ ಮಾಡಿ, ಎಲ್ಲರೂ ಹೋಲಿಕೆಗೆ ಬಳಸುವ ಅದೇ ಹಳೇ ಬೆಂಚ್‌ಮಾರ್ಕ್ ಲೆಕ್ಕಗಳ ಮೇಲೆ ಓಡಿಸಿ, ಚೂರು ಸುಧಾರಿಸಿದೆ ಅಂತ ಟೇಬಲ್ ಹಾಕುವ ಪೇಪರ್‌ಗಳು ರಾಶಿ ಇವೆ. ಆ ದಾರಿಗೆ ಹೋಗಬೇಡಿ. ಪೇಪರ್ ಬೇಗ ಆಗುತ್ತದೆ ನಿಜ. ಆದರೆ ಸಮಸ್ಯೆಯ ಬಗ್ಗೆ ನಿಮಗೇ ಹೊಸದೇನೂ ತಿಳಿದಿರುವುದಿಲ್ಲ. ನಾಲ್ಕೈದು ವರ್ಷ ಕೊಡುವ ಕೆಲಸಕ್ಕೆ ಅದು ತೀರಾ ಕಡಿಮೆ.

ಬದಲಿಗೆ ನಾನು ಸೂಚಿಸುವುದು ಹೀಟ್ ಟ್ರೀಟ್‌ಮೆಂಟ್ ಫರ್ನೇಸ್, ಅಂದರೆ ಲೋಹದ ಭಾಗಗಳನ್ನು ಕಾಯಿಸಿ ಹದ ಮಾಡುವ ಕುಲುಮೆಯ ಶೆಡ್ಯೂಲಿಂಗ್. ಒಂದೇ ತಾಪಮಾನ, ಒಂದೇ ಸೈಕಲ್ ಬೇಕಾದ ಜಾಬ್‌ಗಳನ್ನು ಮಾತ್ರ ಒಟ್ಟಿಗೆ ಹಾಕಬಹುದು. ಕಾರ್ಬುರೈಸಿಂಗ್ (ಉಕ್ಕಿನ ಮೇಲ್ಮೈಗೆ ಕಾರ್ಬನ್ ಸೇರಿಸುವುದು) ಆದರೆ ಗಂಟೆಗಟ್ಟಲೆ. ಬಾಗಿಲು ಹಾಕಿದ ಮೇಲೆ ಇನ್ನೊಂದು ಜಾಬ್ ಸೇರಿಸೋಕೆ ಆಗುವುದಿಲ್ಲ. ಈಗ ಅರ್ಧ ಲೋಡ್ ಇದೆ, ಸಂಜೆ ಇನ್ನೊಂದು ಟೆಂಪೋ ಬರಬಹುದು, ಬರದೇ ಇರಬಹುದು. ಈಗಲೇ ಹಾಕೋದಾ, ಕಾಯೋದಾ? ಸೆಮಿಕಂಡಕ್ಟರ್ ಚಿಪ್‌ಗಳನ್ನು ಬಿಸಿಯಲ್ಲಿಟ್ಟು ಪರೀಕ್ಷಿಸುವ ಬರ್ನ್-ಇನ್ ಓವನ್‌ಗಳಿಗಾಗಿ 1992ರಲ್ಲೇ ಲೀ, ಉಜ್ಸೋಯ್, ಮಾರ್ಟಿನ್-ವೆಗಾ ಇಂಥ ಸಮಸ್ಯೆ ಬಿಡಿಸಲು ಶುರು ಮಾಡಿದರು. ಏನು ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದಾಗ ಈಗಲೂ ಕಷ್ಟವೇ.

ಇದೇ ಪ್ರಶ್ನೆ ಇವತ್ತು ಎಐ ಚಾಟ್ ಸರ್ವರ್‌ಗಳ ಒಳಗೂ ಇದೆ. ಜಿಪಿಯು ಪೂರ್ತಿ ಉಪಯೋಗ ಆಗಬೇಕಾದರೆ ಹಲವರ ಪ್ರಶ್ನೆಗಳನ್ನು ಒಂದೇ ಬ್ಯಾಚ್‌ನಲ್ಲಿ ಓಡಿಸಬೇಕು. ಕಾದರೆ ಕೇಳಿದವನಿಗೆ ತಡ, ಕಾಯದಿದ್ದರೆ ಜಿಪಿಯು ಅರ್ಧ ಖಾಲಿ. 2022ರಲ್ಲಿ ಓರ್ಕಾ ಅನ್ನುವ ಸಿಸ್ಟಮ್, ಬ್ಯಾಚ್ ಓಡುತ್ತಿರುವಾಗಲೇ ಮುಗಿದವರನ್ನು ಇಳಿಸಿ ಹೊಸಬರನ್ನು ಹತ್ತಿಸುವ ವಿಧಾನ ತೋರಿಸಿತು. ಫರ್ನೇಸ್‌ಗೆ ಆ ಸೌಕರ್ಯ ಇಲ್ಲ. ಆದರೆ ಫರ್ನೇಸ್‌ಗೆ ಸೈಕಲ್ ಎಷ್ಟು ಹೊತ್ತು ಅಂತ ಗೊತ್ತು. ಚಾಟ್ ಸರ್ವರ್‌ಗೆ ಉತ್ತರ ಎಷ್ಟು ಉದ್ದ ಆಗುತ್ತದೆ ಅನ್ನೋದೂ ಗೊತ್ತಿಲ್ಲ, ಅಂದಾಜು ಮಾಡಬೇಕು. ಅಂದಾಜು ಸರಿ ಇದ್ದರೆ ಲಾಭ, ತಪ್ಪಾದರೂ ತೀರಾ ಕೆಡದ ಹಾಗೆ ಶೆಡ್ಯೂಲ್ ಮಾಡುವುದು ಹೇಗೆ? ಪುರೋಹಿತ್, ಸ್ವಿಟ್ಕಿನಾ, ರವಿ ಕುಮಾರ್ 2018ರಲ್ಲಿ ಇದಕ್ಕೆ ಒಳ್ಳೆಯ ಅಡಿಪಾಯ ಹಾಕಿದರು. ಆದರೆ ಅವರದ್ದು ಒಂದೇ ಮೆಷಿನ್, ನಡುವೆ ನಿಲ್ಲಿಸಬಹುದಾದ ಕೆಲಸಗಳು. ನಿಲ್ಲಿಸೋಕೆ ಆಗದ, ಬ್ಯಾಚ್‌ನಲ್ಲೇ ಓಡಬೇಕಾದ ಕಡೆಗೆ ಆ ಆಲೋಚನೆಯನ್ನು ಒಯ್ಯುವುದರಲ್ಲಿ ಒಂದು ಪಿಎಚ್.ಡಿ.ಗೆ ಸಾಕಾಗುವಷ್ಟು ಕೆಲಸ ಇದೆ ಅಂತ ನನ್ನ ನಂಬಿಕೆ.

ಶುರು ಮಾಡುವುದು ಹೀಗೆ. ಗೂಗಲ್‌ನ ಓಆರ್-ಟೂಲ್ಸ್ ಉಚಿತ. ಅದರಲ್ಲಿರುವ ಸಿಪಿ-ಸ್ಯಾಟ್ ಸಾಲ್ವರ್‌ನಲ್ಲಿ ಮೇಲಿನ ನಾಲ್ಕು ಜಾಬ್ ಬರೆದು 18 ಬರಿಸಿ. ಆಮೇಲೆ ಫಿಶರ್-ಥಾಂಪ್ಸನ್ ಲೆಕ್ಕ ಹಾಕಿ 930 ಬರಿಸಿ. ಗೂಗಲ್ ತನ್ನ ಕ್ಲಸ್ಟರ್‌ಗಳ (ಒಟ್ಟಿಗೆ ಕೆಲಸ ಮಾಡುವ ಕಂಪ್ಯೂಟರ್ ಗುಂಪುಗಳ) ಟ್ರೇಸ್ ಡೇಟಾವನ್ನು, ಅಂದರೆ ಯಾವ ಕೆಲಸ ಯಾವಾಗ ಓಡಿತು ಅನ್ನುವ ದಾಖಲೆಯನ್ನು, ಸಾರ್ವಜನಿಕವಾಗಿ ಕೊಟ್ಟಿದೆ, ಅದನ್ನೂ ಇಳಿಸಿಕೊಳ್ಳಿ. ಆಮೇಲೆ ನಿಮ್ಮ ಊರಿನ ಹತ್ತಿರದ ಯಾವುದಾದರೂ ಹೀಟ್ ಟ್ರೀಟ್‌ಮೆಂಟ್ ಶಾಪ್‌ಗೆ ಹೋಗಿ, ಫರ್ನೇಸ್ ಲಾಗ್‌ಬುಕ್ ನೋಡಬಹುದಾ ಅಂತ ಕೇಳಿ. ಲೋಡ್ ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ, ತೂಕ, ತಾಪಮಾನ, ಇಷ್ಟು ಸಾಕು. ಕಸ್ಟಮರ್ ಹೆಸರು ಬರೆದುಕೊಳ್ಳಬೇಡಿ. ಅರ್ಧ ಖಾಲಿ ಹೋದ ಲೋಡ್‌ಗಳನ್ನು ಗುರುತು ಹಾಕಿ, ಯಾಕೆ ಹಾಗೆ ಹಾಕಿದಿರಿ ಅಂತ ಶಿಫ್ಟ್‌ನವರನ್ನೇ ಕೇಳಿ. ಅವರು ಹೇಳುವ ಕಾರಣಗಳಲ್ಲಿ ಎಷ್ಟು ನಿಮ್ಮ ಮಾಡೆಲ್ ಒಳಗೆ ಬಂದಿವೆ, ಎಷ್ಟು ಬಂದಿಲ್ಲ ಅಂತ ಪಟ್ಟಿ ಮಾಡಿಕೊಂಡು ಇಲ್ಲೇ ಬರೆಯಿರಿ. ಮುಂದಿನದನ್ನು ಅದರ ಮೇಲೆ ಮಾತಾಡೋಣ.