ಪ್ರಶ್ನಾವಳಿ ಯಾರದಾಗಿರಬೇಕು?

ಪ್ರಶ್ನೆ: ಶಿವಾಜಿನಗರದ ಉರ್ದು, ತಮಿಳು ಮಾತನಾಡುವ ಮನೆಗಳಲ್ಲಿ ಕ್ಯಾನ್ಸರ್ ಅಪಾಯದ ಅರಿವು ಎಷ್ಟಿದೆಯೆಂದು ಅಲ್ಲಿನ ಮಹಿಳೆಯರಾದ ನಾವೇ ಸಮೀಕ್ಷೆ ನಡೆಸಿದರೆ ಅದು ಸಂಶೋಧನೆ ಎನಿಸೀತೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಎನಿಸುತ್ತದೆ, ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಸಮಿತಿಯ (ಎಥಿಕ್ಸ್ ಕಮಿಟಿ) ಅನುಮತಿ, ಉತ್ತರಿಸುವವರ ಒಪ್ಪಿಗೆ ಮತ್ತು ಗೋಪ್ಯತೆ ಮಾತ್ರ ಕಡ್ಡಾಯ. ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿ 1982ರಿಂದ ಬೆಂಗಳೂರಿನ ರೋಗಿಗಳ ಲೆಕ್ಕವಿಡುತ್ತಿದ್ದರೂ, ರೋಗ ಬರುವ ಮುನ್ನ ಜನರು ಯಾವುದನ್ನು ಅಪಾಯವೆಂದು ಭಾವಿಸಿದ್ದರು ಎಂಬುದು ಅದರಲ್ಲಿ ಸಿಗದು. ತಂಬಾಕು ಬಳಸುತ್ತೀರಾ ಎಂದು ಹೊರಗಿನವರು ಕೇಳಿದರೆ ಇಲ್ಲವೆನ್ನುವ ಅಜ್ಜಿಯ ಎಲೆಅಡಿಕೆ ಡಬ್ಬಿಯಲ್ಲಿ ಕಡ್ಡಿಪುಡಿ (ತಂಬಾಕಿನ ಪುಡಿ) ಇರುವುದು ನೆರೆಮನೆಯವರಿಗೇ ಗೊತ್ತು. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂಬುದು ಬಹುಶಃ ಅವರಿಗೂ ತಿಳಿದಿರಲಿಕ್ಕಿಲ್ಲ. ಆದ್ದರಿಂದ ಪ್ರಶ್ನಾವಳಿಯನ್ನು ನೀವೇ ರೂಪಿಸಿ. 30 ದಾಟಿದವರ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲಿರುವುದರಿಂದ, ಹತ್ತಿರದ ಆರೋಗ್ಯ ಕೇಂದ್ರದ ವಿವರವನ್ನೂ ಅಂದೇ ಕೊಡಿ.