ಐದು ವರ್ಷದ ಮಗುವಿಗೆ ಮೊದಲು ಕಲಿಸಬೇಕಾದದ್ದು ವೃತ್ತವೋ, ಗೋಳವೋ?

ನಿಮ್ಮ ಮಗಳು ಚಾರ್ಟಿನಲ್ಲಿರುವ ವೃತ್ತ, ಚೌಕ, ತ್ರಿಭುಜಗಳನ್ನು ತಪ್ಪದೆ ಹೇಳುತ್ತಾಳೆ, ಆದರೆ ಚೆಂಡನ್ನು ವೃತ್ತವೆಂದೂ ಹಾವು-ಏಣಿಯಾಟದ ದಾಳವನ್ನು ಚೌಕವೆಂದೂ ಕರೆಯುತ್ತಾಳೆ ಎಂದು ಬರೆದಿದ್ದೀರಿ. ಪ್ರಾಥಮಿಕ ತರಗತಿಗಳಿಗೆ ಗಣಿತ ಹೇಳಿಕೊಡುವ ನನಗೆ ಇದು ಪ್ರತಿ ಜೂನ್ ತಿಂಗಳಲ್ಲೂ ಎದುರಾಗುತ್ತದೆ. ಇದಕ್ಕೆ ಕಾರಣ ನಾವು ಕಲಿಸುವ ಕ್ರಮವೇ ಎಂದು ನನ್ನ ಅಭಿಪ್ರಾಯ. ಮಗು ಎಳವೆಯಿಂದ ಹಿಡಿದು, ಉರುಳಿಸಿ, ಬಾಯಿಗಿಟ್ಟು ನೋಡಿರುವುದೆಲ್ಲ ಉದ್ದ, ಅಗಲ, ದಪ್ಪ ಮೂರೂ ಇರುವ ಘನಾಕೃತಿಗಳನ್ನೇ; ದಪ್ಪವೇ ಇಲ್ಲದ ಸಮತಲಾಕೃತಿಯನ್ನು ಅದು ಊಹಿಸಿಕೊಳ್ಳಬೇಕಾಗುತ್ತದೆ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್‌ನಲ್ಲಿ ಕಿಂಡರ್‌ಗಾರ್ಟನ್ನಿಗೆ ನಾಂದಿ ಹಾಡಿದ ಫ್ರೋಬೆಲ್ ಮಕ್ಕಳ ಕೈಗೆ ಮೊದಲು ಕೊಟ್ಟದ್ದು ನೂಲಿನ ಚೆಂಡುಗಳನ್ನು, ಅನಂತರ ಮರದ ಗೋಳ, ಸಿಲಿಂಡರ್ ಮತ್ತು ದಾಳದಾಕಾರದ ಘನಗಳನ್ನು; ಚಪ್ಪಟೆ ಬಿಲ್ಲೆಗಳ ಸರದಿ ಬಂದದ್ದು ಎಷ್ಟೋ ಆಮೇಲೆ.

ಆದ್ದರಿಂದ ಚಾರ್ಟನ್ನು ಸದ್ಯಕ್ಕೆ ಮಡಚಿಡಿ. ಒಂದು ಮಣೆಯನ್ನು ಓರೆಯಾಗಿ ನಿಲ್ಲಿಸಿ, ಅದರ ಮೇಲಿನಿಂದ ಚೆಂಡು, ದಾಳ, ಬೆಂಕಿಪೊಟ್ಟಣ ಮತ್ತು ಉದ್ದನೆಯ ಡಬ್ಬಿಯನ್ನು ಬಿಡಲು ಹೇಳಿ. ಯಾವುದು ಉರುಳುತ್ತದೆ, ಯಾವುದು ಜಾರುತ್ತದೆ, ಡಬ್ಬಿಯನ್ನು ಹೇಗಿಟ್ಟರೆ ಉರುಳುತ್ತದೆ ಎಂಬುದನ್ನು ಅವಳೇ ಕಂಡುಕೊಳ್ಳಲಿ. (ನೀರು ಕುಡಿಯುವ ಲೋಟ ಬೇಡ, ಬಹುತೇಕ ಲೋಟಗಳ ಬಾಯಿ ಬುಡಕ್ಕಿಂತ ಅಗಲವಾಗಿರುವುದರಿಂದ ಅವು ನಿಜವಾದ ಸಿಲಿಂಡರ್‌ಗಳಲ್ಲ.) ಬಳಿಕ ತಟ್ಟೆಯಲ್ಲಿ ರಂಗೋಲಿ ಪುಡಿಯನ್ನು ಸಮನಾಗಿ ಹರಡಿ, ಅದೇ ವಸ್ತುಗಳಿಂದ ಅಚ್ಚು ಒತ್ತಿಸಿ. ದಾಳವನ್ನು ಯಾವ ಮಗ್ಗುಲಿಗೆ ಒತ್ತಿದರೂ ಒಂದೇ ಅಳತೆಯ ಚೌಕ ಮೂಡುತ್ತದೆ, ಬೆಂಕಿಪೊಟ್ಟಣ ಮೂರು ಬೇರೆ ಬೇರೆ ಅಳತೆಯ ಆಯತಗಳನ್ನು ಕೊಡುತ್ತದೆ, ಡಬ್ಬಿಯ ತಳ ವೃತ್ತವನ್ನು ಮೂಡಿಸುತ್ತದೆ. ಕೈಯಲ್ಲಿರುವುದು ಘನ, ಪುಡಿಯಲ್ಲಿ ಉಳಿದದ್ದು ಚೌಕ ಎಂಬ ವ್ಯತ್ಯಾಸವನ್ನು ಆಗ ನೀವು ಹೆಚ್ಚು ವಿವರಿಸಬೇಕಾಗಿಯೇ ಇಲ್ಲ. ಚೆಂಡನ್ನು ಮೆಲ್ಲಗೆ ಒತ್ತಿದರೆ ಚಿಕ್ಕದೊಂದು ಗುಳಿ ಮಾತ್ರ ಬೀಳುವುದನ್ನೂ ಅವಳು ಗಮನಿಸಲಿ. ಗೋಳಕ್ಕೆ ಚಪ್ಪಟೆ ಮುಖವೇ ಇಲ್ಲ.

ಚಾರ್ಟಿನಿಂದ ಬರುವ ಇನ್ನೊಂದು ತೊಂದರೆಯೂ ಇದೆ. ಅದರಲ್ಲಿ ತ್ರಿಭುಜ ಯಾವಾಗಲೂ ಮೂರೂ ಬಾಹು ಸಮನಾಗಿ, ಬುಡದ ಮೇಲೆ ನೆಟ್ಟಗೆ ಕುಳಿತಿರುತ್ತದೆ. ಹೀಗಾಗಿ ತಲೆಕೆಳಗಾದ ಅಥವಾ ಕಡ್ಡಿಯಂತೆ ಸಪೂರವಾದ ತ್ರಿಭುಜವನ್ನು ಮಕ್ಕಳು ಒಪ್ಪುವುದಿಲ್ಲ, ಚೌಕವನ್ನು ಓರೆಯಾಗಿಸಿದರೆ ‘ಡೈಮಂಡ್’ ಎನ್ನುತ್ತಾರೆ. ನೆದರ್ಲೆಂಡ್ಸಿನ ಗಣಿತ ಶಿಕ್ಷಕರಾದ ವಾನ್ ಹೀಲೆ ದಂಪತಿ 1957ರ ತಮ್ಮ ಪ್ರಬಂಧಗಳಲ್ಲಿ ವಿವರಿಸಿದ, ಜ್ಯಾಮಿತಿ ಕಲಿಕೆಯ ಮೊದಲ ಹಂತ ಇದೇ: ಆಕೃತಿಯನ್ನು ಅದರ ಗುಣಗಳಿಂದಲ್ಲದೆ ಒಟ್ಟು ನೋಟದಿಂದಲೇ ಗುರುತಿಸುವುದು. ಮುಂದಿನ ಹಂತಕ್ಕೆ ಏರಲು ವಯಸ್ಸಿಗಿಂತ ಕಲಿಕೆಯ ಅನುಭವವೇ ಮುಖ್ಯವೆಂದು ಅವರು ಹೇಳಿದ್ದಾರೆ. ಬೆಂಕಿಕಡ್ಡಿಗಳ ಮದ್ದು ತೆಗೆದು ಬಗೆಬಗೆಯ ತ್ರಿಭುಜಗಳನ್ನು ಜೋಡಿಸಲು ಕೊಡಿ, ರಟ್ಟಿನ ಚೌಕವನ್ನು ಅವಳ ಕಣ್ಣೆದುರೇ ನಿಧಾನವಾಗಿ ತಿರುಗಿಸಿ, ಬಾಹುಗಳನ್ನೂ ಮೂಲೆಗಳನ್ನೂ ಎಣಿಸಿ ಹೇಳುವಂತೆ ಮಾಡಿ.

ಮುಖ, ಅಂಚು, ಶೃಂಗ (ಅಂಚುಗಳು ಕೂಡುವ ಮೂಲೆ) ಎಂಬ ಪದಗಳಿಗೆ ಅವಸರವಿಲ್ಲ. ಘನಕ್ಕೆ 6 ಮುಖ, 12 ಅಂಚು, 8 ಶೃಂಗಗಳಿವೆ ಎಂದು ಈಗಲೇ ಬಾಯಿಪಾಠ ಮಾಡಿಸುವುದಕ್ಕಿಂತ, ಖಾಲಿಯಾದ ಟೂತ್‌ಪೇಸ್ಟ್ ಪೆಟ್ಟಿಗೆಯನ್ನು ಅಂಚಿನುದ್ದಕ್ಕೂ ಬಿಡಿಸಿ ಹರಡಿ, ಮತ್ತೆ ಮಡಚಿ ಪೆಟ್ಟಿಗೆ ಮಾಡಲು ಅವಳಿಗೇ ಬಿಟ್ಟುಕೊಡಿ.